ಒಣಗಿದ ಕೆರೆಯಲ್ಲಿ ಸೈಟು ಕೊಳ್ಳಬಹುದೇ? ‘ಸಿಂಗಾಪುರದಲ್ಲಿ ಸಮುದ್ರವನ್ನೇ ಮುಚ್ಚಿದ್ದಾರೆ’ ಎನ್ನುವ ಫಾರ್ವರ್ಡ್ ನಂಬುವ ಮುನ್ನ

ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ. ಈ ನಾಲ್ಕು ತಾಲ್ಲೂಕುಗಳ ಯಾವುದೇ ವಾಟ್ಸಾಪ್ ಗುಂಪು ತೆರೆದರೂ ಒಂದಲ್ಲ ಒಂದು ಸೈಟಿನ ಜಾಹೀರಾತು ಕಾಣುತ್ತದೆ. ವಿಮಾನ ನಿಲ್ದಾಣಕ್ಕೆ ಇಷ್ಟೇ ನಿಮಿಷ, ಹೆದ್ದಾರಿಗೆ ಇಷ್ಟೇ ದೂರ, ಮನೆ, ಅಂಗಡಿ, ಶಾಲೆ, ಕ್ಲಬ್‌ಹೌಸ್ ಎಲ್ಲ ಒಂದೇ ಕಡೆ. ದರ ಮಾತ್ರ ಪಕ್ಕದ ಲೇಔಟಿಗಿಂತ ತುಂಬ ಕಡಿಮೆ. ಯಾಕೆ ಎಂದು ಯಾರಾದರೂ ಕೇಳಿದರೆ ಉತ್ತರವೂ ಸಿದ್ಧವಾಗಿರುತ್ತದೆ: ‘ಹಿಂದೆ ಕೆರೆ ಇತ್ತು, ಈಗ ಒಣಗಿದೆ. ಇಪ್ಪತ್ತು ವರ್ಷದಿಂದ ನೀರೇ ಬಂದಿಲ್ಲ. ಮೆಜೆಸ್ಟಿಕ್ ಬಸ್ ನಿಲ್ದಾಣವೂ ಕೆರೆಯ ಮೇಲೇ ಇದೆ. ಸಿಂಗಾಪುರ, ಮುಂಬೈಯಲ್ಲಿ ಸಮುದ್ರವನ್ನೇ ಮುಚ್ಚಿ ಊರು ಕಟ್ಟಿದ್ದಾರೆ. ನಿಮಗೇನು ಭಯ?’

ಈ ಮಾತುಗಳಲ್ಲಿ ಅರ್ಧ ನಿಜವಿದೆ. ಅದಕ್ಕೇ ಜನ ನಂಬುತ್ತಾರೆ. ಉಳಿದ ಅರ್ಧವನ್ನು ನಂಬಿದರೆ ಹತ್ತಾರು ವರ್ಷ ಕೂಡಿಟ್ಟ ದುಡ್ಡು ನೀರಲ್ಲಿ ನಿಲ್ಲುತ್ತದೆ. ಹಾಗಾಗಿ ಒಂದೊಂದೇ ಮಾತನ್ನು ತೆಗೆದುಕೊಂಡು ನೋಡೋಣ.

ಚುಟುಕಾಗಿ ಉತ್ತರ

ನೀರಿದ್ದ ಜಾಗದಲ್ಲಿ ಊರು ಕಟ್ಟಲು ತಾಂತ್ರಿಕವಾಗಿ ಸಾಧ್ಯವಿದೆ. ಆದರೆ ಅದಕ್ಕೆ ನೀರಿಗೆ ಬೇರೆ ದಾರಿ, ವರ್ಷಗಟ್ಟಲೆ ಮಣ್ಣಿನ ಕೆಲಸ, ಎಂದೂ ನಿಲ್ಲದ ಪಂಪು ಮತ್ತು ಅದರ ಖರ್ಚು ಹೊರುವ ಸಂಸ್ಥೆ ಬೇಕು. ನಮ್ಮ ಕೆರೆಯಂಗಳದ ಅಗ್ಗದ ಲೇಔಟುಗಳಲ್ಲಿ ಇವು ಇರುವುದಿಲ್ಲ. ಅದರ ಮೇಲೆ ಕಾನೂನಿನ ಪ್ರಕಾರ ಕೆರೆ ಒಣಗಿದರೂ ಕೆರೆಯೇ.

‘ಇಪ್ಪತ್ತು ವರ್ಷದಿಂದ ನೀರಿಲ್ಲ, ಅಂದರೆ ಕೆರೆ ಸತ್ತಿದೆ’

ನಮ್ಮ ಕಡೆಯ ಕೆರೆ ತಾನಾಗಿ ಆದ ಗುಂಡಿಯಲ್ಲ. ಮಳೆನೀರು ಇಳಿದು ಬರುವ ತಗ್ಗಿಗೆ ಅಡ್ಡಲಾಗಿ ಏರಿ ಕಟ್ಟಿ ಮಾಡಿದ್ದು. ತೂಬಿನಿಂದ ಗದ್ದೆಗೆ ನೀರು ಹೋಗುತ್ತದೆ, ಹೆಚ್ಚಾದ ನೀರು ಕೋಡಿ ಬಿದ್ದು ಕಾಲುವೆಯ ಮೂಲಕ ಕೆಳಗಿನ ಕೆರೆಗೆ ಇಳಿಯುತ್ತದೆ. ಹೀಗೆ ಒಂದರ ಕೆಳಗೊಂದು ಕೆರೆಗಳ ಸರಪಳಿ. ನಂದಿ ಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ಕಡೆಯಿಂದ ಹೆಸರಘಟ್ಟಕ್ಕೆ, ಅಲ್ಲಿಂದ ತಿಪ್ಪಗೊಂಡನಹಳ್ಳಿಗೆ ಹೋಗುವುದು ಇಂಥ ಸರಪಳಿಯ ಮೂಲಕವೇ. ಅದೇ ಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿಯ ನೀರು ಹೊಸಕೋಟೆಯ ಕಡೆಗೆ ಇಳಿಯುತ್ತದೆ.

ಕೆರೆ ಒಣಗುವುದಕ್ಕೆ ಹಲವು ಕಾರಣ: ಮಳೆ ಕಡಿಮೆಯಾಗಿರಬಹುದು, ಮೇಲಿನ ಕಾಲುವೆಯನ್ನು ಯಾರೋ ಮುಚ್ಚಿರಬಹುದು, ಅಂತರ್ಜಲ ಕುಸಿದಿರಬಹುದು. ಆದರೆ ಜಾಗದ ಎತ್ತರ ಬದಲಾಗುವುದಿಲ್ಲ. ಕಣಿವೆಯ ತಗ್ಗು ತಗ್ಗಾಗಿಯೇ ಉಳಿಯುತ್ತದೆ. ದೊಡ್ಡ ಮಳೆ ಬಂದ ದಿನ ನೀರು ಹಳೆಯ ದಾರಿ ಹಿಡಿದೇ ಬರುತ್ತದೆ. 2021 ಮತ್ತು 2022ರ ಮಳೆಗಾಲದಲ್ಲಿ ಬಯಲುಸೀಮೆಯ ಈ ಭಾಗದಲ್ಲಿ ಬಹಳ ಕಾಲ ಬರಿದಾಗಿದ್ದ ಎಷ್ಟೋ ಕೆರೆಗಳು ತುಂಬಿ ಕೋಡಿ ಹರಿದದ್ದನ್ನು ಇಲ್ಲಿನವರು ಕಣ್ಣಾರೆ ನೋಡಿದ್ದಾರೆ.

ಇನ್ನೊಂದು ಸಂಗತಿಯನ್ನು ಫಾರ್ವರ್ಡ್‌ಗಳು ಹೇಳುವುದೇ ಇಲ್ಲ. ಈಗ ಕೆರೆ ತುಂಬಲು ಮಳೆಯೇ ಬರಬೇಕೆಂದಿಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಬಯಲುಸೀಮೆಯ ಕೆರೆಗಳಿಗೆ ಹರಿಸುವ ಯೋಜನೆಗಳಿವೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರು ಕೋಲಾರದ ಕಡೆಗೆ ಹೋಗುತ್ತದೆ. ಹೆಬ್ಬಾಳ-ನಾಗವಾರ ಕಣಿವೆಯ ನೀರು ದೇವನಹಳ್ಳಿ ಮತ್ತು ಚಿಕ್ಕಬಳ್ಳಾಪುರದ ಕೆರೆಗಳಿಗೆ ಬರುತ್ತದೆ. ವೃಷಭಾವತಿ ಕಣಿವೆಯ ಯೋಜನೆಯಲ್ಲಿ ನೆಲಮಂಗಲದ ಕೆರೆಗಳೂ ಸೇರಿವೆ. ‘ಇಲ್ಲಿಗೆ ನೀರು ಬರುವುದಿಲ್ಲ’ ಎಂದು ಏಜೆಂಟ್ ಹೇಳುವ ಕೆರೆಗೆ ಸರ್ಕಾರವೇ ಪೈಪು ಹಾಕಿ ನೀರು ತುಂಬಿಸಬಹುದು.

ನೀವೇ ಮಾಡಬಹುದಾದ ಒಂದು ಲೆಕ್ಕ

ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಇದಿಷ್ಟು ಗೊತ್ತಿದ್ದರೆ ಸಾಕು.

ಒಂದು ಸಣ್ಣ ಕೆರೆ ಎಂದುಕೊಳ್ಳಿ. ಅಂಗಳ 10 ಎಕರೆ. ಅದಕ್ಕೆ ನೀರು ಹರಿದು ಬರುವ ಮೇಲಿನ ಪ್ರದೇಶ ಒಂದು ಚದರ ಕಿಲೋಮೀಟರ್. ಒಂದು ರಾತ್ರಿ 100 ಮಿಲಿಮೀಟರ್ ಮಳೆ ಬಿದ್ದರೆ ಆ ಪ್ರದೇಶದ ಮೇಲೆ ಬಿದ್ದ ನೀರು 10 ಕೋಟಿ ಲೀಟರ್. ಅರ್ಧ ನೆಲಕ್ಕೆ ಇಂಗಿತು ಎಂದರೂ 5 ಕೋಟಿ ಲೀಟರ್ ಇಳಿದು ಬರುತ್ತದೆ. 12,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಸುಮಾರು 4,160 ಟ್ಯಾಂಕರ್. ಹೊರಹೋಗಲು ದಾರಿ ಇಲ್ಲದಿದ್ದರೆ ಆ 10 ಎಕರೆಯಲ್ಲಿ ಸುಮಾರು ನಾಲ್ಕು ಅಡಿ ನೀರು ನಿಲ್ಲುತ್ತದೆ.

ಮೇಲಿನ ಹೊಲಗಳೂ ಲೇಔಟುಗಳಾಗಿ, ರಸ್ತೆ, ತಾರಸಿ, ಸಿಮೆಂಟು ಅಂಗಳಗಳೇ ತುಂಬಿದರೆ? ಆಗ ನೆಲ ಅರ್ಧ ನೀರನ್ನು ಕುಡಿಯುವುದಿಲ್ಲ. ನೂರಕ್ಕೆ 80ರಷ್ಟು ಹರಿದು ಬಂದರೆ ಅದೇ ಮಳೆಗೆ ನೀರಿನ ಮಟ್ಟ ಆರೂವರೆ ಅಡಿ. ನಿಮ್ಮ ಸೈಟು ಬದಲಾಗದೇ ಇದ್ದರೂ, ಮೇಲಿನ ಊರು ಬೆಳೆದ ಹಾಗೆಲ್ಲ ನಿಮ್ಮ ಅಪಾಯ ಬೆಳೆಯುತ್ತದೆ.

ಮಣ್ಣು ಹಾಕಿ ಎತ್ತರಿಸಿದರೆ ಆಗದೇ ಎಂದು ಕೇಳಬಹುದು. 10 ಎಕರೆಯನ್ನು ಆರು ಅಡಿ ಎತ್ತರಿಸಲು ಸುಮಾರು 74,000 ಘನ ಮೀಟರ್ ಮಣ್ಣು ಬೇಕು. ಒಂದು ಟಿಪ್ಪರಿಗೆ 10 ಘನ ಮೀಟರ್ ಎಂದರೆ 7,400 ಲೋಡು. ಅಷ್ಟು ಮಾಡಿದರೂ ನೀರು ಮಾಯವಾಗುವುದಿಲ್ಲ, ಮೇಲಿನ ಹಳ್ಳಿಗೆ ಹಿಮ್ಮೆಟ್ಟುತ್ತದೆ ಅಥವಾ ಪಕ್ಕದ ಬೀದಿಗೆ ನುಗ್ಗುತ್ತದೆ.

ಇದು ಬರೀ ಕಾಗದದ ಲೆಕ್ಕವಲ್ಲ. 2022ರ ಸೆಪ್ಟೆಂಬರ್ ಮೊದಲ ವಾರದ ಮಳೆಗೆ ಯಮಲೂರು, ಬೆಳ್ಳಂದೂರು, ಸರ್ಜಾಪುರ ರಸ್ತೆಯ ದುಬಾರಿ ಬಡಾವಣೆಗಳಿಂದ ಜನರನ್ನು ಟ್ರ್ಯಾಕ್ಟರ್ ಮತ್ತು ದೋಣಿಗಳಲ್ಲಿ ಹೊರತರಬೇಕಾಯಿತು. 2024ರ ಅಕ್ಟೋಬರಿನಲ್ಲಿ ಯಲಹಂಕ ಕೆರೆ ತುಂಬಿ ಹರಿದಾಗ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿನ ನೆಲಮಾಳಿಗೆ ಮತ್ತು ಅಂಗಳ ಮುಳುಗಿ, ರಕ್ಷಣಾ ಪಡೆಯ ದೋಣಿಗಳು ಬಂದವು. ಇದು ಒಣಗಿದ ಕೆರೆಯ ಅಂಗಳದ ಕಥೆಯೂ ಅಲ್ಲ, ತುಂಬಿದ ಕೆರೆಯ ಕೆಳಗಿನ ತಗ್ಗಿನ ಕಥೆ. ಹಾಗಾಗಿ ಕೆರೆಯಂಗಳವಷ್ಟೇ ಅಲ್ಲ, ಏರಿಯ ಕೆಳಗಿನ ಅಚ್ಚುಕಟ್ಟು ಪ್ರದೇಶ ಮತ್ತು ಕೋಡಿ ಹರಿಯುವ ದಾರಿಯೂ ಎಚ್ಚರಿಕೆ ಬೇಡುವ ಜಾಗಗಳೇ.

‘ಸಿಂಗಾಪುರದವರು ಮಾಡಿದ್ದಾರೆ, ನಾವೇಕೆ ಮಾಡಬಾರದು?’

ಮಾಡಿದ್ದಾರೆ ಎನ್ನುವುದು ನಿಜ. 1960ರ ದಶಕದಲ್ಲಿ ಸುಮಾರು 580 ಚದರ ಕಿಲೋಮೀಟರ್ ಇದ್ದ ಸಿಂಗಾಪುರ ಈಗ 730ಕ್ಕೂ ಹೆಚ್ಚು ಚದರ ಕಿಲೋಮೀಟರ್ ಇದೆ. ಹೆಚ್ಚಿದ್ದೆಲ್ಲ ಸಮುದ್ರ ಮುಚ್ಚಿ ಪಡೆದ ನೆಲ. ಕಚೇರಿ, ಹೋಟೆಲು, ಮನೆ, ಉದ್ಯಾನ ಎಲ್ಲ ಬೆರೆತಿರುವ ಮರೀನಾ ಬೇ ನಿಂತಿರುವುದು ಅಂಥ ನೆಲದ ಮೇಲೆ. ಆದರೆ ಆ ನೆಲ ತುಂಬುವ ಕೆಲಸ 1970ರ ದಶಕದಲ್ಲಿ ನಡೆಯುತ್ತಿತ್ತು, ಅಲ್ಲಿನ ಪ್ರಸಿದ್ಧ ಮೂರು ಗೋಪುರಗಳ ಹೋಟೆಲು ತೆರೆದದ್ದು 2010ರಲ್ಲಿ. ನಡುವೆ ದಶಕಗಳ ಅಂತರವಿದೆ. ಮಳೆನೀರು ಮತ್ತು ಸಮುದ್ರದ ಉಬ್ಬರ ಒಟ್ಟಿಗೆ ಬಂದರೆ ನಗರ ಮುಳುಗಬಾರದೆಂದು 2008ರಲ್ಲಿ ಮರೀನಾ ಬ್ಯಾರೇಜ್ ಕಟ್ಟಿದರು. ಅದರಲ್ಲಿ ಒಂಬತ್ತು ದೊಡ್ಡ ಗೇಟು, ಏಳು ಭಾರಿ ಪಂಪುಗಳಿವೆ.

ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ ಉದಾಹರಣೆ ನೆದರ್ಲೆಂಡ್ಸ್‌ನಲ್ಲಿದೆ. ಅಲ್ಲಿನ ಹಾರ್ಲೆಮರ್‌ಮೇರ್ ಎಂಬ ದೊಡ್ಡ ಸರೋವರವನ್ನು 1852ರ ಹೊತ್ತಿಗೆ ಉಗಿ ಪಂಪುಗಳಿಂದ ಬರಿದು ಮಾಡಿದರು. ಇಂದು ಸ್ಕಿಪೋಲ್ ವಿಮಾನ ನಿಲ್ದಾಣ ಇರುವುದು ಆ ಸರೋವರದ ತಳದಲ್ಲೇ. ಹಾಗಾದರೆ ಅದು ಮುಳುಗುವುದಿಲ್ಲ ಏಕೆ? ಅವರು ಮೊದಲು ಮಾಡಿದ ಕೆಲಸ, ಸರೋವರದ ಸುತ್ತ ಉಂಗುರದಂತೆ ಕಾಲುವೆ ತೋಡಿ ಏರಿ ಕಟ್ಟಿದ್ದು. ಹೊರಗಿನ ನೀರು ಒಳಗೆ ಬರುವಂತಿಲ್ಲ, ಒಳಗೆ ಬಿದ್ದ ಮಳೆಯನ್ನು ಪಂಪು ಎತ್ತಿ ಕಾಲುವೆಗೆ ಹಾಕುತ್ತದೆ. ಪಂಪುಗಳು ಇಂದಿಗೂ ಓಡುತ್ತಿವೆ. ಆ ದೇಶದಲ್ಲಿ ನೀರನ್ನು ನೋಡಿಕೊಳ್ಳಲೆಂದೇ ಚುನಾಯಿತ ಜಲಮಂಡಳಿಗಳಿವೆ. ಅವುಗಳ ಪರಂಪರೆ 13ನೇ ಶತಮಾನದಷ್ಟು ಹಳೆಯದು, ಜನ ಅದಕ್ಕಾಗಿಯೇ ಪ್ರತ್ಯೇಕ ತೆರಿಗೆ ಕಟ್ಟುತ್ತಾರೆ.

ಈಗ ಹೋಲಿಸಿ ನೋಡಿ. ಅಲ್ಲಿ ಮೊದಲು ನೀರಿಗೆ ದಾರಿ, ಆಮೇಲೆ ಮನೆ. ಇಲ್ಲಿ ಮೊದಲು ರಾಜಕಾಲುವೆ ಮುಚ್ಚುತ್ತಾರೆ, ಆಮೇಲೆ ಸೈಟಿನ ಕಲ್ಲು ನೆಡುತ್ತಾರೆ. ಸೈಟು ಮಾರಿದ ಮೇಲೆ ಪಂಪು ಓಡಿಸುವವರು ಯಾರು, ಕರೆಂಟ್ ಬಿಲ್ಲು ಕಟ್ಟುವವರು ಯಾರು ಎಂದು ಕೇಳಿದರೆ ಉತ್ತರ ಇರುವುದಿಲ್ಲ.

ಎಲ್ಲ ಸರಿಯಾಗಿ ಮಾಡಿದವರಿಗೂ ತೊಂದರೆ ತಪ್ಪಿಲ್ಲ. ಜಪಾನಿನ ಒಸಾಕಾ ಬಳಿ ಸಮುದ್ರ ತುಂಬಿ ಕಟ್ಟಿದ ಕಾನ್ಸಾಯ್ ವಿಮಾನ ನಿಲ್ದಾಣ 1994ರಲ್ಲಿ ತೆರೆಯಿತು. ಅದರ ನೆಲ ಇಂದಿಗೂ ನಿಧಾನವಾಗಿ ಕುಸಿಯುತ್ತಲೇ ಇದೆ, 2018ರ ಚಂಡಮಾರುತದಲ್ಲಿ ರನ್‌ವೇ ಮುಳುಗಿತು.

‘ಮೆಜೆಸ್ಟಿಕ್ ಕೂಡ ಕೆರೆಯೇ ಅಲ್ಲವೇ?’

ಹೌದು. ಕೆಂಪೇಗೌಡ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯಲ್ಲಿ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕೋರಮಂಗಲದಲ್ಲಿ ಕಟ್ಟಿದ ಕ್ರೀಡಾಗ್ರಾಮವೂ ಕೆರೆಯಂಗಳದ್ದೇ. ಕೂಟ ಮುಗಿದ ಮೇಲೆ ಆ ಮನೆಗಳು ಜನವಸತಿಯಾದವು.

ಆದರೆ ಇದರಿಂದ ‘ಕಟ್ಟಬಹುದು’ ಎನ್ನುವ ತೀರ್ಮಾನ ಹುಟ್ಟುವುದಿಲ್ಲ. ಬಸ್ ನಿಲ್ದಾಣ ಮತ್ತು ಕ್ರೀಡಾಂಗಣ ಎರಡು ಗಂಟೆ ನೀರು ನಿಂತರೂ ಆಮೇಲೆ ತೊಳೆದು ಬಳಸಬಹುದಾದ ಜಾಗಗಳು. ಜನ ಅಲ್ಲಿ ಮಲಗುವುದಿಲ್ಲ, ಅಕ್ಕಿ ಮೂಟೆ, ಫ್ರಿಜ್ಜು, ಮಕ್ಕಳ ಪುಸ್ತಕ ಇಡುವುದಿಲ್ಲ. ಎರಡನೆಯದಾಗಿ, ಆ ಕೆರೆಗಳು ಹಿಡಿದಿಡುತ್ತಿದ್ದ ನೀರು ಈಗ ಚರಂಡಿಯಲ್ಲಿ ಓಡಿ ಕೆಳಗಿನ ಬಡಾವಣೆಗಳ ತಲೆನೋವಾಗಿದೆ. ಮೂರನೆಯದಾಗಿ, ಅವೆಲ್ಲ ಸರ್ಕಾರ ತನ್ನ ಜಾಗವನ್ನು ತಾನೇ ಬಳಸಿಕೊಂಡದ್ದು. ಸರ್ಕಾರಿ ಕೆರೆಯನ್ನು ಖಾಸಗಿಯವರು ನಿಮಗೆ ಮಾರುವುದು ಬೇರೆಯೇ ವಿಷಯ.

ಇಂಥ ತಪ್ಪು ಮುಂದುವರಿಯಬಾರದೆಂದೇ 1980ರ ದಶಕದಲ್ಲಿ ಎನ್. ಲಕ್ಷ್ಮಣರಾವ್ ಸಮಿತಿ ಬೆಂಗಳೂರಿನ ಕೆರೆಗಳನ್ನು ಉಳಿಸಬೇಕೆಂದು ವರದಿ ಕೊಟ್ಟಿತು. ಮೂವತ್ತು ವರ್ಷ ಕಳೆದ ಮೇಲೆ ಕೆ.ಬಿ. ಕೋಳಿವಾಡ ಅಧ್ಯಕ್ಷತೆಯ ಸದನ ಸಮಿತಿ ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳ 1,500ಕ್ಕೂ ಹೆಚ್ಚು ಕೆರೆಗಳನ್ನು ಪರಿಶೀಲಿಸಿತು. ಹತ್ತು ಸಾವಿರ ಎಕರೆಗಿಂತ ಹೆಚ್ಚು ಜಾಗ ಒತ್ತುವರಿಯಾಗಿದೆ ಎಂದು ಅದು ಹೇಳಿತು.

ಕೆರೆಯ ಮಣ್ಣು ಮನೆಗೇಕೆ ಆಗುವುದಿಲ್ಲ?

ಕೆರೆಯ ಗೋಡು ಮಣ್ಣನ್ನು ರೈತರು ಗಾಡಿಯಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು. ಅದು ನುಣುಪಾದ, ನೀರು ಹಿಡಿದಿಡುವ ಮಣ್ಣು, ಬೆಳೆಗೆ ಒಳ್ಳೆಯದು. ಅದೇ ಗುಣ ಅಡಿಪಾಯಕ್ಕೆ ಕೆಟ್ಟದ್ದು. ಮೇಲೆ ಭಾರ ಬಿದ್ದರೆ ಮಣ್ಣಿನ ಕಣಗಳ ನಡುವಿನ ನೀರು ಬಹಳ ನಿಧಾನವಾಗಿ ಹೊರಬರುತ್ತದೆ, ಅಷ್ಟೇ ನಿಧಾನವಾಗಿ ನೆಲ ಕುಗ್ಗುತ್ತದೆ. ಇದಕ್ಕೆ ವರ್ಷಗಳೇ ಹಿಡಿಯುತ್ತವೆ. ಮನೆಯ ಒಂದು ಮೂಲೆ ಹೆಚ್ಚು, ಇನ್ನೊಂದು ಮೂಲೆ ಕಡಿಮೆ ಕುಗ್ಗಿದರೆ ಗೋಡೆ ಓರೆಯಾಗಿ ಬಿರುಕು ಬಿಡುತ್ತದೆ, ಬಾಗಿಲು ಕಿಟಕಿ ಕೂರುವುದಿಲ್ಲ. ಕೆಡವಿದ ಕಟ್ಟಡಗಳ ಇಟ್ಟಿಗೆ, ಸಿಮೆಂಟು ಚೂರು ತುಂಬಿದ ಜಾಗವಾದರೆ ಸಮಸ್ಯೆ ಇನ್ನೂ ಹೆಚ್ಚು, ಏಕೆಂದರೆ ಒಳಗೆ ಅಲ್ಲಲ್ಲಿ ಪೊಳ್ಳು ಇರುತ್ತದೆ.

ಗಟ್ಟಿ ನೆಲ ಸಿಗುವವರೆಗೆ ಪೈಲ್ ಇಳಿಸಿದರೆ ಕಟ್ಟಡವೇನೋ ನಿಲ್ಲುತ್ತದೆ. ಆದರೆ ರಸ್ತೆ, ಚರಂಡಿ, ನೀರಿನ ಪೈಪುಗಳಿಗೆ ಯಾರೂ ಪೈಲ್ ಹಾಕುವುದಿಲ್ಲ. ಒಳಚರಂಡಿ ಇಲ್ಲದ ಲೇಔಟುಗಳಲ್ಲಿ ಪಿಟ್ ಗುಂಡಿಯೇ ಗತಿ. ಮಳೆಗಾಲದಲ್ಲಿ ನೆಲದಡಿಯ ನೀರು ಮೇಲೆ ಬಂದಾಗ ಗುಂಡಿ ಇಂಗುವುದಿಲ್ಲ, ಉಕ್ಕುತ್ತದೆ. ಪಕ್ಕದಲ್ಲೇ ಸಂಪು ಅಥವಾ ಬೋರ್‌ವೆಲ್ ಇದ್ದರೆ ಕೊಳಕು ಅದಕ್ಕೆ ಸೇರುವ ಅಪಾಯವಿದೆ. ಹೊಟ್ಟೆ ಸಂಬಂಧಿ ಕಾಯಿಲೆಗಳು ಹರಡುವುದು ಹೀಗೆಯೇ.

ಮನೆ, ಅಂಗಡಿ, ಶಾಲೆ ಒಂದೇ ಕಡೆ ಇರುವುದು ಒಳ್ಳೆಯದಲ್ಲವೇ?

ಖಂಡಿತ ಒಳ್ಳೆಯದು. ಕೆಳಗೆ ಅಂಗಡಿ, ಮೇಲೆ ಮನೆ, ನಡೆದು ಹೋಗುವಷ್ಟು ದೂರದಲ್ಲಿ ಶಾಲೆ, ಆಸ್ಪತ್ರೆ. ಬೆಂಗಳೂರಿನ ಹಳೆಯ ಪೇಟೆ ಬೆಳೆದದ್ದೇ ಹೀಗೆ. ಓಡಾಟ ಕಡಿಮೆ, ಪೆಟ್ರೋಲ್ ಕಡಿಮೆ. ಆದರೆ ಇಂಥ ಬಡಾವಣೆ ತಗ್ಗಿನಲ್ಲಿದ್ದರೆ ನಷ್ಟವೂ ಒಟ್ಟಿಗೇ ಬರುತ್ತದೆ. ನೆಲಮಹಡಿಯ ಔಷಧಿ ಅಂಗಡಿ, ನೆಲಮಾಳಿಗೆಯ ವಾಹನಗಳು, ಕರೆಂಟಿನ ಪ್ಯಾನೆಲ್, ಲಿಫ್ಟ್, ಜನರೇಟರ್ ಎಲ್ಲ ಒಂದೇ ರಾತ್ರಿಯಲ್ಲಿ ನೀರಿಗೆ ಸಿಗುತ್ತವೆ.

ನಮ್ಮ ಹಳೆಯ ಹಳ್ಳಿಗಳನ್ನು ಗಮನಿಸಿ. ಊರು ದಿಣ್ಣೆಯ ಮೇಲೆ, ಕೆರೆ ತಗ್ಗಿನಲ್ಲಿ, ಏರಿಯ ಕೆಳಗೆ ಗದ್ದೆ ತೋಟ. ತೂಬು ಎತ್ತಿ ಇಳಿಸಲು ನೀರುಗಂಟಿ. ಯಾವ ಕೆಲಸಕ್ಕೆ ಯಾವ ಎತ್ತರ ಎನ್ನುವ ಯೋಜನೆ ಅದರಲ್ಲೇ ಇದೆ. ಇಂದಿನ ಮಿಶ್ರ ಬಡಾವಣೆಗೂ ಅದೇ ಲೆಕ್ಕ ಸಾಕು: ಎತ್ತರದಲ್ಲಿ ಮನೆ, ಆಸ್ಪತ್ರೆ, ಶಾಲೆ, ಕೆಳಗಿನ ಅಂಚಿನಲ್ಲಿ ಉದ್ಯಾನ, ಆಟದ ಮೈದಾನ, ಅದಕ್ಕೂ ಕೆಳಗೆ ಕೆರೆ. ದೊಡ್ಡ ಮಳೆ ಬಂದರೆ ಮೈದಾನ ಒಂದು ದಿನ ನೀರು ಹಿಡಿದುಕೊಳ್ಳಲಿ. ರೋಟರ್‌ಡ್ಯಾಮ್ ನಗರದವರು 2013ರಲ್ಲಿ ಮಾಡಿದ ಒಂದು ಚೌಕದಲ್ಲಿ ಬಿಸಿಲಿನ ದಿನ ಮಕ್ಕಳು ಬಾಸ್ಕೆಟ್‌ಬಾಲ್ ಆಡುತ್ತಾರೆ, ಜೋರು ಮಳೆಯ ದಿನ ಅದೇ ಅಂಗಳ ಕುಂಟೆಯಾಗುತ್ತದೆ.

‘ಕಾಗದ ಪತ್ರ ಎಲ್ಲ ಪಕ್ಕಾ ಇದೆ’

ನೋಂದಣಿಯಾಗಿದೆ, ಬ್ಯಾಂಕ್ ಸಾಲ ಸಿಗುತ್ತದೆ, ಪಂಚಾಯಿತಿ ಖಾತೆ ಇದೆ ಎಂದ ಮಾತ್ರಕ್ಕೆ ಜಾಗ ಕೆರೆಯಲ್ಲ ಎಂದು ಸಾಬೀತಾಗುವುದಿಲ್ಲ. ಉಪನೋಂದಣಿ ಕಚೇರಿಯಲ್ಲಿ ಆಗುವುದು ಪತ್ರದ ನೋಂದಣಿ. ಮಾರುವವರಿಗೆ ಹಕ್ಕೇ ಇಲ್ಲದಿದ್ದರೆ ನಿಮಗೂ ಹಕ್ಕು ಬರುವುದಿಲ್ಲ.

ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 67ನೇ ಕಲಂ ಪ್ರಕಾರ ಬೇರೆಯವರ ಹಕ್ಕು ಸಾಬೀತಾಗದ ಕೆರೆ, ಹಳ್ಳ, ಕಾಲುವೆಗಳು ಸರ್ಕಾರದ ಸ್ವತ್ತು. ಕೆರೆ ಸಂರಕ್ಷಣೆಗೆಂದೇ 2014ರ ಪ್ರತ್ಯೇಕ ಕಾಯ್ದೆಯೂ ಇದೆ. 2001ರಲ್ಲಿ ಹಿಂಚ್ ಲಾಲ್ ತಿವಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಳದ ಜಾಗವನ್ನು ಮನೆ ಸೈಟಿಗೆ ಹಂಚಿದ್ದನ್ನು ಒಪ್ಪಲಿಲ್ಲ. 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಪಂಜಾಬಿನ ಒಂದು ಹಳ್ಳಿಯ ಕೊಳ ಮುಚ್ಚಿ ಮನೆ ಕಟ್ಟಿದವರು ‘ಕಟ್ಟಿ ಆಗಿದೆ, ಸಕ್ರಮ ಮಾಡಿ’ ಎಂದಾಗಲೂ ಕೋರ್ಟ್ ಒಪ್ಪಲಿಲ್ಲ, ತೆರವು ಮಾಡಬೇಕೆಂದಿತು. ಬೆಂಗಳೂರಿನ ಸಾರಕ್ಕಿ ಕೆರೆಯ ಒತ್ತುವರಿ ತೆರವಿನಲ್ಲಿ 2015ರ ಏಪ್ರಿಲ್‌ನಲ್ಲಿ ದುಡ್ಡು ಕೊಟ್ಟು ಕೊಂಡವರ ಮನೆಗಳೂ ಉರುಳಿದವು.

‘ಸರ್ಕಾರ ಒಣಗಿದ ಕೆರೆಗಳನ್ನು ಪಟ್ಟಿಯಿಂದ ತೆಗೆದಿದೆ’ ಎನ್ನುವ ಸಂದೇಶವೂ ಆಗಾಗ ತಿರುಗುತ್ತದೆ. 2017ರಲ್ಲಿ ಅಂಥ ಪ್ರಸ್ತಾಪ ಸುದ್ದಿಯಾದದ್ದು ನಿಜ, ತೀವ್ರ ವಿರೋಧ ಬಂದ ಮೇಲೆ ಅದನ್ನು ಕೈಬಿಡಲಾಯಿತು.

ಕೆರೆಯ ಅಂಚಿನಿಂದ ಎಷ್ಟು ದೂರ ಬಿಡಬೇಕು ಎನ್ನುವುದರಲ್ಲೂ ಗೊಂದಲವಿದೆ. 2016ರಲ್ಲಿ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳಿಗೆ 75 ಮೀಟರ್ ಎಂದಿತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಅಂತರದ ನಿಯಮ ಬದಲಾಗಬಹುದು. ಕೊಳ್ಳುವ ದಿನ ಯಾವುದು ಜಾರಿಯಲ್ಲಿದೆ ಎಂದು ನಿಮ್ಮ ಭಾಗದ ಯೋಜನಾ ಪ್ರಾಧಿಕಾರದಲ್ಲೇ ಲಿಖಿತವಾಗಿ ಕೇಳಿ. ಈ ವಾದವಿವಾದ ನಡೆದದ್ದು ಕೆರೆಯ ಸುತ್ತಲಿನ ಜಾಗದ ಬಗ್ಗೆ. ಕೆರೆಯ ಒಳಗೆ ಕಟ್ಟಬಹುದೆಂದು ಇವುಗಳಲ್ಲಿ ಯಾವುದೂ ಹೇಳಿಲ್ಲ.

ಅಡ್ವಾನ್ಸ್ ಕೊಡುವ ಮುನ್ನ ಹೀಗೆ ಪರೀಕ್ಷಿಸಿ

1. ಸರ್ವೆ ನಂಬರ್ ಕೇಳಿ. ಕೊಡಲು ಹಿಂದೆ ಮುಂದೆ ನೋಡಿದರೆ ಅಲ್ಲಿಗೇ ನಿಲ್ಲಿಸಿ.

2. ದಿಶಾಂಕ್ ಆ್ಯಪ್ ತೆರೆದು ಆ ಜಾಗದಲ್ಲೇ ನಿಂತು ನೋಡಿ. ಸರ್ವೆ ನಂಬರಿನೊಂದಿಗೆ ಕೆರೆ, ಕಾಲುವೆ, ಸರ್ಕಾರಿ ಜಾಗಗಳ ಮಾಹಿತಿ ಸಿಗುತ್ತದೆ.

3. ಪಹಣಿ ತೆಗೆದು ವಿಸ್ತೀರ್ಣದ ಭಾಗದಲ್ಲಿ ಖರಾಬು ನೋಡಿ. ‘ಬಿ’ ಖರಾಬು ಎಂದರೆ ಹಳ್ಳ, ಕುಂಟೆ, ದಾರಿಯಂಥ ಸಾರ್ವಜನಿಕ ಬಳಕೆಯ ಜಾಗ. ಅದನ್ನು ಮಾರುವಂತಿಲ್ಲ.

4. ಕಂದಾಯ ಇಲಾಖೆಯ ಹಳೆಯ ಗ್ರಾಮ ನಕ್ಷೆ ತೆಗೆದುಕೊಳ್ಳಿ. ಇಂದು ಕಣ್ಣಿಗೆ ಕಾಣದ ಕೆರೆ, ಕಾಲುವೆ ಅದರಲ್ಲಿ ಕಾಣುತ್ತವೆ.

5. ಉಪಗ್ರಹ ಚಿತ್ರದಲ್ಲಿ ಹಿಂದಿನ ವರ್ಷಗಳಿಗೆ ಹೋಗಿ, ಮಳೆಗಾಲ ಮುಗಿದ ತಿಂಗಳುಗಳ ಚಿತ್ರ ನೋಡಿ.

6. ಭೂಪರಿವರ್ತನೆ ಆದೇಶ, ಲೇಔಟ್ ನಕ್ಷೆಯ ಅನುಮೋದನೆ, ರೇರಾ ನೋಂದಣಿ ಮೂರನ್ನೂ ಕೇಳಿ, ಸರ್ವೆ ನಂಬರ್ ಒಂದೇ ಇದೆಯೇ ಎಂದು ಹೊಂದಿಸಿ ನೋಡಿ.

7. ಊರಿನ ಹಿರಿಯರನ್ನು ಕೇಳಿ: ‘ಅಜ್ಜ, ಈ ಕೆರೆ ಕೊನೆಯ ಸಲ ಕೋಡಿ ಬಿದ್ದದ್ದು ಯಾವಾಗ? ನೀರು ಎಲ್ಲಿವರೆಗೆ ಬಂದಿತ್ತು?’ ಸೈಟು ನೋಡಲು ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ ಹೋಗಿ.

ಫಾರ್ವರ್ಡ್ ಬಂದರೆ ಏನು ಉತ್ತರಿಸಬಹುದು?

ಜಾಹೀರಾತು ಕಳಿಸಿದವರು ಹೆಚ್ಚಾಗಿ ನಮ್ಮವರೇ ಆಗಿರುತ್ತಾರೆ, ನಾಲ್ಕು ಜನಕ್ಕೆ ಒಳ್ಳೆಯದಾಗಲಿ ಎಂದೇ ಕಳಿಸಿರುತ್ತಾರೆ. ಜಗಳ ಬೇಡ. ಅದೇ ಗುಂಪಿಗೆ ಈ ನಾಲ್ಕು ಪ್ರಶ್ನೆ ಹಾಕಿ: ಈ ಜಾಗದ ಸರ್ವೆ ನಂಬರ್ ಎಷ್ಟು? ಹಳೆಯ ಗ್ರಾಮ ನಕ್ಷೆಯಲ್ಲಿ ಇದು ಏನಾಗಿತ್ತು? 100 ಮಿಲಿಮೀಟರ್ ಮಳೆ ಬಂದರೆ ಮೇಲಿನ ನೀರು ಯಾವ ದಾರಿಯಲ್ಲಿ ಹೋಗುತ್ತದೆ? ಆ ದಾರಿಯನ್ನು ಹತ್ತು ವರ್ಷದ ನಂತರವೂ ಯಾರು ನೋಡಿಕೊಳ್ಳುತ್ತಾರೆ?

ನಾಲ್ಕಕ್ಕೂ ಕಾಗದದ ಮೇಲೆ ಉತ್ತರ ಸಿಗುವವರೆಗೆ ಅಡ್ವಾನ್ಸ್ ಕೊಡಬೇಡಿ.